ಜುಲೈಯಲ್ಲಿ ಮಂಗಳೂರು: ಮಳೆ ಬಿಡದಿದ್ದರೆ ಒಳಗೆ ನೋಡುವಂಥದ್ದು ಏನುಂಟು? ಅನುಭವ ಇದ್ದವರು ಹೇಳಿ

ದಾವಣಗೆರೆ ಸೊಸೆ
ಎಲ್ಲರಿಗೂ ನಮಸ್ಕಾರ. ಜುಲೈ ಮೂರನೇ ವಾರ ಯಜಮಾನರಿಗೆ ಮಂಗಳೂರಿನಲ್ಲಿ ಮೂರು ದಿನ ಟ್ರೈನಿಂಗ್ ಇದೆ. ಹೇಗೂ ರೂಮ್ ಇರುತ್ತೆ, ನೀವೂ ಬನ್ನಿ ಅಂದರು. ನಾನು, ಏಳು ವರ್ಷದ ಮಗ, ಅತ್ತೆ ಹೊರಟಿದ್ದೇವೆ. ಅತ್ತೆಗೆ 68 ವರ್ಷ, ಎರಡೂ ಮಂಡಿ ನೋವು. ಮೆಟ್ಟಿಲು ಜಾಸ್ತಿ ಹತ್ತೋಕಾಗಲ್ಲ. ಮಗನಿಗೆ ಸಮುದ್ರ ತೋರಿಸ್ತೀನಿ ಅಂತ ಮಾತು ಕೊಟ್ಟುಬಿಟ್ಟಿದ್ದೆ. ಈಗ ಕೇಳಿದರೆ ಮಳೆಗಾಲದಲ್ಲಿ ಪಣಂಬೂರು, ತಣ್ಣೀರುಬಾವಿ ಕಡೆ ನೀರಿನ ಹತ್ತಿರಕ್ಕೇ ಬಿಡಲ್ಲ ಅಂತಾರೆ. ರೂಮು ಹಂಪನಕಟ್ಟೆ ಹತ್ತಿರ. ಭಾನುವಾರ ರಾತ್ರಿ ಬಂದು ಬುಧವಾರ ರಾತ್ರಿ ವಾಪಸ್. ಸ್ವಂತ ಗಾಡಿ ಇಲ್ಲ. ನೆನೆಯದೆ ನೋಡುವ ಜಾಗಗಳು ಯಾವುವು, ಅತ್ತೆಗೆ ಎಲ್ಲೆಲ್ಲಿ ಕೂರೋಕಾಗುತ್ತೆ, ದಯವಿಟ್ಟು ಹೇಳಿ.

ಬಾವುಟಗುಡ್ಡೆ ಬುಡದವಳು
ಬಾವುಟಗುಡ್ಡೆಯ ಮೇಲಿನ ಅಲೋಶಿಯಸ್ ಚಾಪೆಲ್, ಅಂದರೆ ಗೋಡೆ ತುಂಬ ಚಿತ್ರಗಳಿರುವ ಇಗರ್ಜಿ, ನೋಡದೆ ಹೋಗಬೇಡಿ. ನಾನು ಹುಟ್ಟಿ ಬೆಳೆದದ್ದೇ ಆ ಗುಡ್ಡೆಯ ಬುಡದಲ್ಲಿ. ಆದರೂ ಪ್ರತಿಸಲ ಒಳಗೆ ಹೋದಾಗ ಐದು ನಿಮಿಷ ಮಾತು ಬರುವುದಿಲ್ಲ.

ನನ್ನ ಅನುಭವ ಹೇಳುತ್ತೇನೆ. ಹೋದ ವರ್ಷ ಜುಲೈಯಲ್ಲಿ ಮೈಸೂರಿನಿಂದ ನಾದಿನಿಯ ಮನೆಯವರು ಬಂದರು, ಆರು ಜನ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕು ಅಂತ ಹಟ. ಮಳೆಗಾಲದಲ್ಲಿ ಅಲ್ಲಿಗೆ ಬೋಟೇ ಬಿಡುವುದಿಲ್ಲ ಅಂದರೆ ನಂಬಲಿಲ್ಲ. ಕೊನೆಗೆ ಮುಖ ಊದಿಸಿಕೊಂಡು ಚಾಪೆಲ್‌ಗೆ ಹೊರಟರು. ಎರಡು ಆಟೋ, ಒಂದೊಂದಕ್ಕೆ 120. ನಾವು ತಲುಪಿದ್ದು ಮಧ್ಯಾಹ್ನ ಒಂದೂಕಾಲಿಗೆ. ಊಟದ ಹೊತ್ತು, ಬಾಗಿಲು ಹಾಕಿತ್ತು. ತಪ್ಪು ನನ್ನದೇ, ಊರಿನವಳಾಗಿ ನನಗೆ ನೆನಪಿರಬೇಕಿತ್ತು. ಗಾಳಿಗೆ ಎರಡು ಕೊಡೆ ಮಗುಚಿ ಕಡ್ಡಿ ಮುರಿದವು. ಒಂದು 450ರದ್ದು, ಒಂದು 600ರದ್ದು. ಭಾವ ನನ್ನ ಜೊತೆ ಮಾತೇ ಬಿಟ್ಟರು.

ಬಾಗಿಲು ತೆರೆಯಿತು. ಒಳಗೆ ಹೋದರು. ಎರಡು ಗಂಟೆ ಹೊರಗೆ ಬರಲಿಲ್ಲ.

ಇಟಲಿಯ ಅಂತೋನಿಯೊ ಮೊಸ್ಕೇನಿ ಎನ್ನುವ ಜೆಸ್ವಿಟ್ ಬ್ರದರ್ (ಕ್ರೈಸ್ತ ಸನ್ಯಾಸಿ) ಇಲ್ಲಿಗೆ ಬಂದು, 1901ರ ಹೊತ್ತಿಗೆ ಒಳಗಿನ ಚಿತ್ರಗಳನ್ನು ಮುಗಿಸಿದರು. ಗೋಡೆಯ ಚಿತ್ರಗಳು ಫ್ರೆಸ್ಕೊ. ಅಂದರೆ ಹಸಿ ಗಾರೆಯ ಮೇಲೆ, ಅದು ಒಣಗುವ ಮೊದಲೇ ಬಣ್ಣ ಹಚ್ಚಬೇಕು. ತಪ್ಪಿದರೆ ಅಳಿಸುವ ಹಾಗಿಲ್ಲ. ಮಾಡಿನ, ಅಂದರೆ ಚಾವಣಿಯ, ಚಿತ್ರಗಳು ಕ್ಯಾನ್ವಾಸ್ ಮೇಲೆ ಎಣ್ಣೆಬಣ್ಣದವು. ನಮ್ಮ ಊರಿನ ಮಳೆ ನೋಡಿದವರಿಗೆ ಗೊತ್ತು, ಇಲ್ಲಿ ಕಬಾಟಿನ ಒಳಗಿನ ಚಪ್ಪಲಿಗೂ ಬೂಸ್ಟು ಬರುತ್ತದೆ. ಅಂಥ ಊರಿನಲ್ಲಿ ಅದು ನೂರಿಪ್ಪತ್ತು ವರ್ಷದಿಂದ ಉಳಿದಿದೆ. 1990ರ ದಶಕದಲ್ಲಿ ತಜ್ಞರು ಕೂತು ಸರಿಮಾಡಿದರು. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಊರಿಗೆ ಮರಳಲಿಲ್ಲ. ನನಗೆ ಅದು ನೆನಪಾದಾಗಲೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ಒಳಗೆ ಫೋಟೋ ತೆಗೆಯುವಂತಿಲ್ಲ. ಒಳ್ಳೆಯದೇ. ಜನ ಕಣ್ಣಲ್ಲಿ ನೋಡುತ್ತಾರೆ.

ಮೂರು ದಿನ ಕೋಣೆಯಲ್ಲೇ ಕೂತವನು
ಹೋಗಬೇಡಿ ಅಕ್ಕಾ. ದುಡ್ಡು ಹೋದರೂ ಪರವಾಗಿಲ್ಲ, ಕ್ಯಾನ್ಸಲ್ ಮಾಡಿ.

ನಾನು ಬೆಂಗಳೂರಿನವನು. 2022ರ ಜುಲೈಯಲ್ಲಿ ಹೋಗಿದ್ದೆ. ಸಕಲೇಶಪುರದ ದೋಣಿಗಾಲ್ ಹತ್ತಿರ ರಸ್ತೆ ಕುಸಿದು ಶಿರಾಡಿಯಲ್ಲಿ ಬಿಡುತ್ತಿರಲಿಲ್ಲ. ಚಾರ್ಮಾಡಿ ಸುತ್ತಿ ಹೋದೆ. ಬೆಳಿಗ್ಗೆ ಐದಕ್ಕೆ ಬಿಟ್ಟವನು ರಾತ್ರಿ ಏಳಕ್ಕೆ ತಲುಪಿದೆ. ಕೊಟ್ಟಿಗೆಹಾರದಿಂದ ಕೆಳಗೆ ಮಂಜು, ಎದುರಿನ ಲಾರಿಯ ಲೈಟು ಹತ್ತಡಿಗೆ ಬಂದ ಮೇಲೆ ಕಾಣುತ್ತಿತ್ತು.

ಕಡಲ ತಡಿಯಲ್ಲಿ ಒಂದು ರೆಸಾರ್ಟ್ ಹಿಡಿದಿದ್ದೆ, ಹೆಸರು ಬೇಡ. ರಾತ್ರಿಗೆ 7,500. ಮೂರು ರಾತ್ರಿಗೆ 22,500, ತೆರಿಗೆ 2,700. ಹೋಗಿ ಬರಲು, ಸುತ್ತಲು ಡೀಸೆಲ್ 6,200. ಊಟ ತಿಂಡಿ 8,400. ಮಗಳಿಗೆ ಎರಡನೇ ದಿನ ಜ್ವರ, ಡಾಕ್ಟರು ಮತ್ತು ಔಷಧಿ 1,850. ಕೊನೆಯ ದಿನ ಮಾಲ್‌ನಲ್ಲಿ ಆಟಕ್ಕೆ 2,300. ಒಟ್ಟು 43,950 ರೂಪಾಯಿ. ಚೀಟಿಗಳೆಲ್ಲ ಇನ್ನೂ ಇವೆ. ಅಷ್ಟು ಕೊಟ್ಟು ನಾನು ನೋಡಿದ್ದು ಕಿಟಕಿಯ ಗಾಜು. ಸಮುದ್ರ ಇದ್ದದ್ದು ಐವತ್ತು ಹೆಜ್ಜೆಯಲ್ಲಿ. ಗಾಳಿಗೆ ಉಪ್ಪು ನೀರು ಹಾರಿ ಬಾಲ್ಕನಿ ಬಾಗಿಲು ತೆರೆಯುವಂತಿರಲಿಲ್ಲ. ಸಂಜೆ ಕರೆಂಟ್ ಹೋದರೆ ಜನರೇಟರು ಲೈಟಿಗೆ ಮಾತ್ರ. ಬಟ್ಟೆ ಒಂದೂ ಒಣಗಲಿಲ್ಲ. ಬೆಡ್‌ಶೀಟ್‌ಗೆ ಮುಗ್ಗಲು ವಾಸನೆ. ಮಗಳು ಈಗಲೂ ಮಂಗಳೂರು ಅಂದರೆ ಬೇಡ ಅಂತಾಳೆ.

ಕುಲಶೇಖರದ ಅಪ್ಪ
ಮಾರಾಯ್ರೆ, ಕಡಲ ತಡಿಯ ರೆಸಾರ್ಟಿನಲ್ಲಿ ಜುಲೈಯಲ್ಲಿ ಗಾಳಿ ಬಾರದೆ ಇನ್ನೇನು ಬರುತ್ತದೆ? ಅದಕ್ಕೆ ಇಡೀ ಊರಿಗೆ ಹೋಗಬೇಡಿ ಅನ್ನುವುದು ಸರಿಯಲ್ಲ. ಈ ಅಕ್ಕ ಊರೊಳಗೆ, ಹಂಪನಕಟ್ಟೆಯಲ್ಲಿ ಇರುತ್ತಾರೆ.

ಮಗು ಇದ್ದರೆ ಪಿಲಿಕುಳ ನಿಸರ್ಗಧಾಮ. ಅದರಲ್ಲೂ ಸ್ವಾಮಿ ವಿವೇಕಾನಂದ ತಾರಾಲಯ. 2018ರ ಮಾರ್ಚ್ 1ಕ್ಕೆ ಶುರುವಾಯಿತು. 18 ಮೀಟರ್ ಅಗಲದ ಗುಮ್ಮಟ, ತುಸು ವಾಲಿಸಿ ಕಟ್ಟಿದ್ದಾರೆ. ತ್ರೀಡಿ ಕನ್ನಡಕ ಹಾಕಿಕೊಂಡು ಒರಗಿ ಕೂತರೆ ಗ್ರಹ ಮೂಗಿನ ಹತ್ತಿರ ಬಂದ ಹಾಗಾಗುತ್ತದೆ. ನನ್ನ ಚಿಕ್ಕವನು ಶನಿಯ ಉಂಗುರ ಹಿಡಿಯಲು ಕೈ ಚಾಚಿದ. ಹಿಂದಿನ ಸಾಲಿನ ಮುದುಕರೂ ಚಾಚಿದರು, ನಾನೇ ನೋಡಿದೆ. ಅಲ್ಲೇ ವಿಜ್ಞಾನ ಕೇಂದ್ರವೂ ಉಂಟು. ಗುಂಡಿ ಒತ್ತಿ, ಚಕ್ರ ತಿರುಗಿಸಿ ನೋಡುವಂಥದ್ದು. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟ.

ಆದರೆ ಮೊದಲ ಸಲ ನಾವು ಹೋದದ್ದು ಸೋಮವಾರ. ಸೋಮವಾರ ಪಿಲಿಕುಳಕ್ಕೆ ರಜೆ. ನಾನು ನೋಡಿಕೊಂಡಿರಲಿಲ್ಲ. ಊರೊಳಗಿಂದ ಹತ್ತು ಹನ್ನೆರಡು ಕಿಲೋಮೀಟರ್, ವಾಮಂಜೂರು ದಾಟಿ ಹೋಗಬೇಕು. ಆಟೋಕ್ಕೆ 340 ಕೊಟ್ಟು ಹೋಗಿ, ಗೇಟಿನ ಎದುರು ನಿಂತು, ಅದೇ ಆಟೋದಲ್ಲಿ 340 ಕೊಟ್ಟು ವಾಪಸ್. ದೊಡ್ಡವಳು ದಾರಿಯಿಡೀ ಅತ್ತಳು. ಎರಡನೇ ಸಲ ಶಾಲೆಗೆ ಮಳೆಯ ರಜೆ ಕೊಟ್ಟ ದಿನ ಹೋದೆವು. ಊರಿನ ಅರ್ಧ ಮಕ್ಕಳು ಅಲ್ಲೇ. ಟಿಕೆಟ್ ಸಿಗಲಿಲ್ಲ. ಮೂರನೇ ಸಲ ಇಡೀ ದಿನಕ್ಕೆ ಕಾರು ಮಾಡಿದೆ, 2,400. ಬುಧವಾರ ಬೆಳಿಗ್ಗೆ. ಆವತ್ತು ಎಲ್ಲ ಸರಿಹೋಯಿತು. ಮೂರು ಸಲ ಹೋಗಿದ್ದಕ್ಕೆ ಹೆಂಡತಿ ಬೈದಳು. ಆದರೆ ದೊಡ್ಡವಳು ಈಗ ರಾತ್ರಿ ಮಳೆ ಬಿಟ್ಟಾಗ ಟೆರೇಸಿಗೆ ಹೋಗಿ ನಕ್ಷತ್ರ ಹುಡುಕುತ್ತಾಳೆ. ನನಗೆ ಅಷ್ಟು ಸಾಕು.

ಬಿಜೈ ಮಾಸ್ಟ್ರು
ಚಾಪೆಲ್, ತಾರಾಲಯ ಎಲ್ಲ ಸರಿ. ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಯಾರೂ ಹೇಳಲಿಲ್ಲ. ಕೆಎಸ್ಆರ್‌ಟಿಸಿ ಬಸ್ ನಿಲ್ದಾಣದಿಂದ ಕೂಗಳತೆ ದೂರ. ಸಾವಿರಾರು ಜನ ದಿನಾ ಅದರ ಎದುರೇ ಹಾದು ಹೋಗುತ್ತಾರೆ, ತಿರುಗಿ ನೋಡುವುದಿಲ್ಲ.

ನಾನು 22 ವರ್ಷ ಪ್ರತಿ ಮಳೆಗಾಲ ಏಳನೇ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಬಸ್ಸಿಗೆ ಶಾಲೆ ಹಣ ಕೊಡುತ್ತಿರಲಿಲ್ಲ, ನಡೆದೇ ಹೋಗುತ್ತಿದ್ದೆವು. ನಲವತ್ತು ಮಕ್ಕಳು, ನಲವತ್ತು ಕೊಡೆ. ಒಂದು ವರ್ಷ ಹದಿನಾರು ಕೊಡೆ ಅದಲುಬದಲಾಗಿ ಮರುದಿನ ಪೋಷಕರು ಜಗಳಕ್ಕೆ ಬಂದರು. ಒಬ್ಬ ಹುಡುಗನ ಕೊಡೆ ಸಿಗಲೇ ಇಲ್ಲ, ನಾನೇ 85 ರೂಪಾಯಿ ಕೊಟ್ಟು ಹೊಸದು ತೆಗೆಸಿಕೊಟ್ಟೆ. ಆಗ ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತವಲ್ಲ.

ಆ ಕಟ್ಟಡ ಹಡಗಿನ ಆಕಾರದಲ್ಲಿದೆ. ಕರ್ನಲ್ ಮಿರಾಜ್ಕರ್ ಎಂಬ ಡಾಕ್ಟರು ತಮ್ಮ ಮನೆಯನ್ನೇ ಕೊಟ್ಟು, ಅದಕ್ಕೆ ತಾಯಿಯ ಹೆಸರಿಟ್ಟರು. 1960ರಲ್ಲಿ ಮ್ಯೂಸಿಯಂ ಆಯಿತು. ದೊಡ್ಡ ಊರುಗಳ ಮ್ಯೂಸಿಯಂ ಥರ ಅಲ್ಲ. ಹಳೇ ಮೂರ್ತಿಗಳು, ನಾಣ್ಯ, ಮರದ ಕೆತ್ತನೆ, ಪಿಂಗಾಣಿ. ಅರ್ಧ ದಿನ ಬೇಕಿಲ್ಲ, ಒಂದು ಗಂಟೆ ಸಾಕು. ಆದರೆ ಒಬ್ಬ ಮಗ ಅಮ್ಮನ ಹೆಸರಿನಲ್ಲಿ ಇಡೀ ಮನೆಯನ್ನು ಊರಿಗೆ ಬಿಟ್ಟುಕೊಟ್ಟದ್ದನ್ನು ಮಕ್ಕಳಿಗೆ ಹೇಳಿದಾಗ ಅವರ ಮುಖ ನೋಡಬೇಕು. ಸೋಮವಾರ ಇದಕ್ಕೂ ರಜೆ.

ಅಲ್ಲಿಂದ ಕದ್ರಿ ದೇವಸ್ಥಾನ ಹತ್ತಿರ. ಅಲ್ಲಿನ ಕಂಚಿನ ಲೋಕೇಶ್ವರ ಮೂರ್ತಿಯ ಪೀಠದಲ್ಲಿ ಆಳುಪ ರಾಜ ಕುಂದವರ್ಮನ ಶಾಸನವಿದೆ, ಕ್ರಿ.ಶ. 968ರದ್ದು. ಮೂರು ಮುಖ, ಆರು ಕೈ. ಸಾವಿರ ವರ್ಷ ದಾಟಿದ ಕಂಚು ನಮ್ಮ ಊರಲ್ಲಿದೆ. ಇದನ್ನು ಬಿಟ್ಟು ಜನ ಮಾಲ್‌ಗೆ ಹೋಗಿ ಎಸ್ಕಲೇಟರ್ ಹತ್ತಿ ಇಳಿಯುತ್ತಾರೆ. ನೋವಾಗುತ್ತದೆ.

ಎರಡು ಮಕ್ಕಳ ತಾಯಿ, ಅತ್ತಾವರ
ಮಾಸ್ಟ್ರೇ, ಎಸ್ಕಲೇಟರ್ ಹತ್ತುವವರಲ್ಲಿ ನಾನೂ ಒಬ್ಬಳು. ಯಾಕೆ ಅಂತ ಹೇಳುತ್ತೇನೆ.

ನನ್ನ ಎರಡನೆಯದು ಹುಟ್ಟಿದ್ದು ಮೇಯಲ್ಲಿ. ಜೂನ್, ಜುಲೈ, ಆಗಸ್ಟ್, ಮೂರು ತಿಂಗಳು ಮನೆಯೊಳಗೆ ಕೈಕೂಸು, ಜೊತೆಗೆ ನಾಲ್ಕು ವರ್ಷದ ದೊಡ್ಡವನು. ದಿನಕ್ಕೆ ಹದಿನೆಂಟು ಲಂಗೋಟಿ. ಒಣಗಿಸಲು ಫ್ಯಾನಿನ ಕೆಳಗೆ ಹಗ್ಗ ಕಟ್ಟಿದ್ದೆ. ಕರೆಂಟ್ ಹೋದರೆ ಇಸ್ತ್ರಿಯೂ ಇಲ್ಲ. ಗಂಡ ದುಬೈಯಲ್ಲಿ. ದೊಡ್ಡವನು ಬಾಗಿಲಿಗೆ ಹಣೆ ಕೊಟ್ಟು "ಹೊರಗೆ, ಹೊರಗೆ" ಅಂತ ಅಳುತ್ತಿದ್ದ. ಆ ಮಳೆಗಾಲ ನನ್ನನ್ನು ಉಳಿಸಿದ್ದು ಪಾಂಡೇಶ್ವರದ ಮಾಲ್. ನಡೆಯಲು ನುಣುಪು ನೆಲ, ಲಿಫ್ಟ್, ಚೊಕ್ಕ ಟಾಯ್ಲೆಟ್, ಕೂರಲು ಬೆಂಚು. ಒಂದು ರೂಪಾಯಿ ಖರ್ಚು ಮಾಡದೆ ಎರಡು ಗಂಟೆ ಕೂತು ಬಂದ ದಿನಗಳಿವೆ. ಆಟದ ಕಾರ್ಡಿಗೆ 500 ಹಾಕಿಸಿ ಮೂರು ವಾರ ಎಳೆದಿದ್ದೇನೆ. ದಿನಕ್ಕೆ ಒಂದೇ ಆಟ ಅಂತ ಕರಾರು.

ಮ್ಯೂಸಿಯಮ್ಮಿನಲ್ಲಿ ಮಗು ಅತ್ತರೆ ಎಲ್ಲಿ ಹಾಲು ಕುಡಿಸಲಿ? ಲೋಕೇಶ್ವರನ ಎದುರು ಡೈಪರ್ ಬದಲಿಸಲೇ? ಮಳೆಗಾಲದಲ್ಲಿ ಹೆಂಗಸರು, ಮಕ್ಕಳು, ವಯಸ್ಸಾದವರು ಎಲ್ಲಿ ಹೋಗಬೇಕು ಅಂತ ಊರು ಯೋಚನೆ ಮಾಡಿದ್ದು ಆ ಮಾಲ್‌ಗಳಲ್ಲಿ ಮಾತ್ರ. ಅದಕ್ಕೆ ಮೂಗು ಮುರಿಯಬೇಡಿ.

ಬಿಜೈ ಮಾಸ್ಟ್ರು
ಅಮ್ಮಾ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ನಿಮ್ಮನ್ನು ಅಂದದ್ದಲ್ಲ. ಆದರೆ ದಾವಣಗೆರೆಯಿಂದ ಘಟ್ಟ ಇಳಿದು ಬರುವವರಿಗೆ ಮಾಲ್ ತೋರಿಸುವುದು ಆತಿಥ್ಯವಲ್ಲ ಎನ್ನುವ ಮಾತಿನಿಂದ ನಾನು ಹಿಂದೆ ಸರಿಯುವುದಿಲ್ಲ.

ಎರಡು ಮಕ್ಕಳ ತಾಯಿ, ಅತ್ತಾವರ
ಮಂಡಿ ನೋವಿನವರನ್ನು ಒದ್ದೆ ಅಂಗಳದಲ್ಲಿ ನಡೆಸುವುದೂ ಆತಿಥ್ಯವಲ್ಲ ಮಾಸ್ಟ್ರೇ.

ಮೂಡುಬಿದಿರೆ ದಾರಿ
ಮಂಡಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮನಸ್ಸಿಗೆ ಇನ್ನೂ ನೋವಿದೆ.

ಅಮ್ಮನಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡುವ ಆಸೆ ಮೂವತ್ತು ವರ್ಷದ್ದು. 1430ರ ಸುಮಾರಿನ ಕಟ್ಟಡ. ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಮಾಡಿನ ಕೆಳಗೆ ತಂಪಾಗಿ ಕೂತು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಮಳೆಗಾಲದಲ್ಲಿ ಜನ ಇರುವುದಿಲ್ಲ, ಮಾಡಿನಿಂದ ನೀರು ಇಳಿಯುವ ಸದ್ದು ಮಾತ್ರ. ಮಂಗಳೂರಿನಿಂದ 35 ಕಿಲೋಮೀಟರ್. ಆಟಿ ತಿಂಗಳ (ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್) ಒಂದು ಗುರುವಾರ ಕರೆದುಕೊಂಡು ಹೋದೆ. ಅಮ್ಮ ಒಂದೊಂದು ಕಂಬವನ್ನೂ ಮುಟ್ಟಿ ನೋಡಿದರು. ಆನೆ, ಬಳ್ಳಿ, ಗಂಟು, ಎಲ್ಲ. "ಇದನ್ನು ಕೆತ್ತಿದವನಿಗೆ ಬೇಜಾರೇ ಆಗಲಿಲ್ಲವಾ?" ಅಂತ ಕೇಳಿದರು.

ವಾಪಸ್ ಬರುವಾಗ ಹೊರಗಿನ ಒದ್ದೆ ಕಲ್ಲಿನ ಮೇಲೆ ಬರಿಗಾಲು ಜಾರಿತು. ಕೈ ಊರಿದರು, ಮಣಿಕಟ್ಟಿನ ಎಲುಬು ಮುರಿಯಿತು. ನಾನು ಎರಡು ಹೆಜ್ಜೆ ಮುಂದೆ ಕಾರಿನ ಬಾಗಿಲು ತೆರೆಯಲು ಓಡಿದ್ದೆ. ಆ ಎರಡು ಹೆಜ್ಜೆ ಈಗಲೂ ಕನಸಿನಲ್ಲಿ ಬರುತ್ತದೆ. ಎಕ್ಸ್‌ರೇ 550. ಮೊದಲ ಆಸ್ಪತ್ರೆಯಲ್ಲಿ ಪ್ಲಾಸ್ಟರ್ 3,200. ಹತ್ತು ದಿನದ ಮೇಲೆ ಎಲುಬು ಸರಿಯಾಗಿ ಕೂತಿಲ್ಲ ಅಂತ ಇನ್ನೊಂದು ಕಡೆ ಹೋಗಿ ತಂತಿ ಹಾಕಿಸಿದೆವು, 41,000. ಫಿಸಿಯೊಥೆರಪಿ 18 ಸಲ, ಒಂದಕ್ಕೆ 350. ಬಲಗೈ ಅದು. ಎರಡು ತಿಂಗಳು ನಾನೇ ಊಟ ಮಾಡಿಸಿದೆ.

ಅಮ್ಮನನ್ನು ಕೇಳಿದರೆ ಹೋದದ್ದು ಒಳ್ಳೆಯದಾಯಿತು ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಹೋಗುವವರು ಒಬ್ಬರು ಕೈ ಹಿಡಿದುಕೊಂಡೇ ಇರಿ. ಕಾರಿನ ಬಾಗಿಲು ಕಾಯುತ್ತದೆ.

ಚಾವಡಿ ಶ್ರೋತೃ
ಎಲ್ಲರೂ ಟಿಕೆಟ್ಟಿನ ಜಾಗ ಹೇಳಿದಿರಿ. ಮಳೆಗಾಲದಲ್ಲಿ ತುಳುನಾಡು ಒಳಗೆ ಕೂತು ಮಾಡುವ ಕೆಲಸವೇ ಬೇರೆ ಉಂಟು. ತಾಳಮದ್ದಳೆ.

ಪತ್ತನಾಜೆಗೆ, ಅಂದರೆ ಮೇ 24ರ ಆಸುಪಾಸಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬಯಲಾಟ ಮತ್ತೆ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ನಡುವಿನ ಐದು ತಿಂಗಳು ಕಲಾವಿದರು ಸುಮ್ಮನೆ ಇರುತ್ತಾರಾ? ದೇವಸ್ಥಾನದ ಸಭಾಭವನ, ಸಂಘದ ಹಾಲ್, ಮನೆಯ ಚಾವಡಿ, ಎಲ್ಲಿ ನೋಡಿದರೂ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ಉಂಟು, ಅರ್ಥಧಾರಿಗಳು ಕೂತಲ್ಲಿಂದ ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳನ್ನು ಒಮ್ಮೆ ಕೇಳಿ ನೋಡಿ. ಹೊರಗೆ ಮಳೆ ಧೋ ಎಂದು ಸುರಿಯುತ್ತಿದ್ದರೂ ಕೇಳಿಸುವುದಿಲ್ಲ.

ನಾನು ಇದಕ್ಕಾಗಿ ಕಳೆದುಕೊಂಡದ್ದೂ ಉಂಟು. 2019ರ ಆಗಸ್ಟ್‌ನಲ್ಲಿ ಬಿ.ಸಿ. ರೋಡ್ ಕಡೆ ಒಂದು ಕೂಟಕ್ಕೆ ಸ್ಕೂಟರಿನಲ್ಲಿ ಹೋದೆ. ಹಿಂತಿರುಗುವಾಗ ಪಂಪ್‌ವೆಲ್‌ನಲ್ಲಿ ಮೊಣಕಾಲು ನೀರು. ಸ್ಕೂಟರ್ ಕೆಟ್ಟಿತು, ಎಂಜಿನ್‌ಗೆ ನೀರು. ತಳ್ಳಿಕೊಂಡು ಮನೆ ಸೇರುವಾಗ ರಾತ್ರಿ ಒಂದೂವರೆ. ರಿಪೇರಿ 6,750. ಮೊಬೈಲೂ ಹೋಯಿತು, 11,000. ಮನೆಯಲ್ಲಿ ಮೂರು ದಿನ ಮೌನ. ಆವತ್ತಿನ ಕರ್ಣನ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿ ಉಂಟು. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಇನ್ನು ಚಿಕ್ಕಮೇಳ ಅಂತ ಉಂಟು. ಮಳೆಗಾಲದ ಸಂಜೆ ನಾಲ್ಕೈದು ಜನರ ತಂಡ ಮನೆಮನೆಗೆ ಬಂದು, ಚಾವಡಿಯಲ್ಲಿ ದೀಪದೆದುರು ಎರಡು ವೇಷ ಕುಣಿದು ಹೋಗುತ್ತದೆ. ಸಣ್ಣ ಮಗುವಿಗೆ ಕಿರೀಟ ಇಷ್ಟು ಹತ್ತಿರದಿಂದ ಬೇರೆಲ್ಲೂ ಕಾಣಲು ಸಿಗುವುದಿಲ್ಲ. ನಿಮಗೆ ಊರಲ್ಲಿ ಪರಿಚಯದ ಮನೆ ಇದ್ದರೆ ಕೇಳಿ.

ಮೂರು ದಿನ ಕೋಣೆಯಲ್ಲೇ ಕೂತವನು
ಪಂಪ್‌ವೆಲ್‌ನಲ್ಲಿ ಮೊಣಕಾಲು ನೀರು ಅಂತ ನೀವೇ ಬರೆದಿದ್ದೀರಿ. ನಾನು ಹೇಳಿದರೆ ಮಾತ್ರ ಊರಿಗೆ ಅವಮಾನವೇ?

ಕುಲಶೇಖರದ ಅಪ್ಪ
ನಾವು ನೀರಲ್ಲಿ ನಿಂತೂ ಊರು ಬೇಡ ಅನ್ನುವುದಿಲ್ಲ. ಅಷ್ಟೇ ವ್ಯತ್ಯಾಸ.

ಉಡುಪಿ ಹುಡುಗಿ
ಮಂಗಳೂರಿನವರ ಜಗಳ ಮುಗಿದರೆ ಹೇಳುತ್ತೇನೆ. ಒಂದು ದಿನ ಮಣಿಪಾಲಕ್ಕೆ ಬನ್ನಿ. ಅಲ್ಲಿನ ಅಂಗರಚನೆಯ ಮ್ಯೂಸಿಯಂನಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಮಾದರಿಗಳಿವೆ. ಆನೆಯ ಅಸ್ಥಿಪಂಜರ, ತಿಮಿಂಗಿಲದ್ದು, ಕಾಳಿಂಗ ಸರ್ಪದ್ದು. ನಾನು ಪಿಯುಸಿಯಲ್ಲಿ ಬಯಾಲಜಿ ಬಿಡಬೇಕು ಅಂತಿದ್ದವಳು. ಒಂದು ಮಳೆಯ ದಿನ ಬಸ್ ತಪ್ಪಿ, ನೆನೆಯಬಾರದು ಅಂತ ಅಲ್ಲಿಗೆ ನುಗ್ಗಿದೆ. ಸಿಗರೇಟು ಸೇದಿದವರ ಶ್ವಾಸಕೋಶ, ಚೆನ್ನಾಗಿರುವ ಶ್ವಾಸಕೋಶ, ಎರಡೂ ನೋಡಿದೆ. ಮನೆಗೆ ಹೋಗಿ ಅಪ್ಪನ ಪ್ಯಾಕೆಟ್ ತೆಗೆದು ಬಚ್ಚಲ ಒಲೆಗೆ ಹಾಕಿದೆ. ಪೆಟ್ಟು ಬಿತ್ತು. ಆದರೆ ಅಪ್ಪ ಆರು ತಿಂಗಳಲ್ಲಿ ಬಿಟ್ಟರು. ನಾನೀಗ ನರ್ಸ್.

ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರ್ ಸುಮಾರು, ಮಳೆಯಲ್ಲಿ ಎರಡು ಗಂಟೆ ಹಿಡಿಯಿರಿ. ಬಂದ ಮೇಲೆ ಉಡುಪಿಯ ಡಯಾನಾ ಹೋಟೆಲಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನಿ. ಗಡ್‌ಬಡ್ ಹುಟ್ಟಿದ್ದೇ ಅಲ್ಲಿ.

ಬಾವುಟಗುಡ್ಡೆ ಬುಡದವಳು
ಎಲ್ಲಿ ಹುಟ್ಟಿತೋ ಅದು ಬೇರೆ ಮಾತು. ಗಡ್‌ಬಡ್ ಅನ್ನು ಗಡ್‌ಬಡ್ ಮಾಡಿದ್ದು ಮಂಗಳೂರಿನ ಐಡಿಯಲ್ ಐಸ್‌ಕ್ರೀಮ್. 1975ರಿಂದ ಇದೆ. ನಮ್ಮ ಅಪ್ಪ ಮೊದಲ ಸಂಬಳದಲ್ಲಿ ನನಗೆ ಅಲ್ಲೇ ಕೊಡಿಸಿದ್ದರು.

ಉಡುಪಿ ಹುಡುಗಿ
ಗಡಿಬಿಡಿಯಲ್ಲಿ ಹಣ್ಣು, ಜೆಲ್ಲಿ, ಐಸ್‌ಕ್ರೀಮ್ ಎಲ್ಲ ಒಂದೇ ಲೋಟಕ್ಕೆ ಹಾಕಿ ಕೊಟ್ಟದ್ದಕ್ಕೆ ಆ ಹೆಸರು ಬಂತು ಅನ್ನುತ್ತಾರೆ. ಆ ಗಡಿಬಿಡಿ ಆದದ್ದು ಉಡುಪಿಯಲ್ಲಿ. ನಮ್ಮ ಅಜ್ಜ ಹೇಳಿದ್ದು.

ಬಾವುಟಗುಡ್ಡೆ ಬುಡದವಳು
ನಿಮ್ಮ ಅಜ್ಜ, ನಮ್ಮ ಅಪ್ಪ. ಇದು ಮುಗಿಯುವುದಿಲ್ಲ ಬಿಡಿ. ಈ ಮಳೆಯಲ್ಲಿ ಮಗುವಿಗೆ ಐಸ್‌ಕ್ರೀಮ್ ಯಾಕೆ? ಬಿಸಿ ಗೋಳಿಬಜೆ ಕೊಡಿಸಿ, ಬನ್ಸ್ ಕೊಡಿಸಿ.

ಹುಬ್ಬಳ್ಳಿ ಅಣ್ಣ
ಊಟದ ಮಾತು ಬಂತಲ್ಲ, ಅದಕ್ಕೆ ಹೇಳಿದೆ. ಹೋದ ವರ್ಷ ಜುಲೈ 10ಕ್ಕೆ ಹೋಗಿದ್ವಿ. ಒಳಗೆ ಕೂರೋಕೆ ಮೀನಿನ ಹೋಟೆಲ್‌ಗಿಂತ ಒಳ್ಳೆ ಜಾಗ ಇಲ್ಲ. ಆವತ್ತೇ ಹಿಡಿದ ಅಂಜಲ್ ತವಾ ಫ್ರೈ, ಒಂದು ಪೀಸಿಗೆ 480. ನಾಲ್ಕು ಜನ 3,260 ಕೊಟ್ಟು ಎದ್ವಿ. ಅಂಥ ತಾಜಾ ಮೀನು ನಮ್ಮ ಕಡೆ ಎಲ್ಲಿ ಸಿಗಬೇಕು.

ಬಂದರಿನ ಮನೆ
ಅಣ್ಣಾ, ಬೇಜಾರು ಮಾಡಬೇಡಿ, ಆವತ್ತೇ ಹಿಡಿದ ಅಂಜಲ್ ಅಂತ ಹೇಳಿದವರು ನಿಮಗೆ ಸುಳ್ಳು ಹೇಳಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮೀನು ಮರಿ ಮಾಡುವ ಸಮಯ. ನಮ್ಮ ಬೋಟು ಧಕ್ಕೆಯಲ್ಲಿ, ಅಂದರೆ ಬೋಟು ನಿಲ್ಲಿಸುವ ಕಟ್ಟೆಯಲ್ಲಿ, ಕಟ್ಟಿ ನಿಂತಿರುತ್ತದೆ. ಆ ಎರಡು ತಿಂಗಳು ನಮ್ಮ ಮನೆಯ ಲೆಕ್ಕ ಕೇಳಿ: ಬಲೆ ರಿಪೇರಿಗೆ 70,000, ಎಂಜಿನ್ ಕೆಲಸಕ್ಕೆ 1,10,000, ಬಣ್ಣಕ್ಕೆ 35,000. ಬರುವ ದುಡ್ಡು ಸೊನ್ನೆ. ಒಂದು ವರ್ಷ ಅಮ್ಮನ ಬಳೆ ಇಟ್ಟು ಬೋಟು ಇಳಿಸಿದೆವು.

ಜುಲೈಯಲ್ಲಿ ತಾಜಾ ಸಿಗುವುದು ನಾಡದೋಣಿಯವರು ಸಮುದ್ರ ಸ್ವಲ್ಪ ತಗ್ಗಿದಾಗ ತಂದದ್ದು, ಮತ್ತೆ ಹೊಳೆ ಮೀನು. ದೊಡ್ಡ ಅಂಜಲ್ ಹೆಚ್ಚಾಗಿ ಐಸಿನದು, ಹೊರಗಿನಿಂದ ಲಾರಿಯಲ್ಲಿ ಬಂದದ್ದು. ತಿನ್ನಬೇಡಿ ಅನ್ನುವುದಿಲ್ಲ. ಆದರೆ ತಾಜಾ ಅನ್ನಬೇಡಿ. ನಾವು ಮರಿಗಳಿಗಾಗಿ ಹಸಿದು ಕೂತಿರುತ್ತೇವೆ.

ಹುಬ್ಬಳ್ಳಿ ಅಣ್ಣ
ಗೊತ್ತಿರಲಿಲ್ಲ. 480 ಕೊಟ್ಟದ್ದಕ್ಕಿಂತ ಸುಳ್ಳು ಹೇಳಿದ್ದು ಬೇಜಾರಾಯ್ತು.

ದಾವಣಗೆರೆ ಸೊಸೆ
ಎಲ್ಲರಿಗೂ ಧನ್ಯವಾದ. ಎರಡೆರಡು ಸಲ ಓದಿದೆ. ಅತ್ತೆಗೂ ಓದಿ ಹೇಳಿದೆ, ಬಸದಿಯ ಅಮ್ಮನ ವಿಷಯ ಕೇಳಿ ಕಣ್ಣೀರು ಹಾಕಿದರು. ನಾವು ಸಸ್ಯಾಹಾರಿಗಳು, ಮೀನಿನ ಚಿಂತೆ ಇಲ್ಲ. ಆದರೆ ನಾನು ಕೇಳಿದ್ದು ಇನ್ನೂ ಉಳಿದಿದೆ. ಸೋಮವಾರ ಪಿಲಿಕುಳ ರಜೆ, ಬಿಜೈ ಮ್ಯೂಸಿಯಂ ರಜೆ. ನಮ್ಮ ಮೊದಲ ದಿನವೇ ಸೋಮವಾರ. ಆವತ್ತು ಏನು ಮಾಡಲಿ? ಚಾಪೆಲ್ ಹತ್ತಿರಕ್ಕೆ ಆಟೋ ಹೋಗುತ್ತಾ? ತಾರಾಲಯದಲ್ಲಿ ಅತ್ತೆ ಕೂರಬಹುದಾ?

ಬಾವುಟಗುಡ್ಡೆ ಬುಡದವಳು
ಸೋಮವಾರ ಬೆಳಿಗ್ಗೆ ಹತ್ತಕ್ಕೆ ಚಾಪೆಲ್. ಹಂಪನಕಟ್ಟೆಯಿಂದ ಆಟೋದಲ್ಲಿ ಐದೇ ನಿಮಿಷ, ಗುಡ್ಡೆ ಹತ್ತುವ ಕಷ್ಟ ಇಲ್ಲ. ಹೊರಡುವ ಮೊದಲು ಆವತ್ತು ತೆರೆದಿದೆಯೇ ಅಂತ ರೂಮಿನವರಿಂದ ಒಂದು ಫೋನ್ ಮಾಡಿಸಿ. ಒಳಗೆ ಬೆಂಚುಗಳಿವೆ. ಅತ್ತೆಯವರು ಕೂತೇ ಕತ್ತೆತ್ತಿ ಮಾಡು ನೋಡಬಹುದು. ಕೊಡೆ ಬೇಡ, ಗಾಳಿಗೆ ನಿಲ್ಲುವುದಿಲ್ಲ. ಮೂವರಿಗೂ ರೈನ್‌ಕೋಟ್ ತನ್ನಿ.

ಕುಲಶೇಖರದ ಅಪ್ಪ
ತಾರಾಲಯದ ಸೀಟುಗಳು ಸಾಲುಸಾಲಾಗಿ ಮೇಲೆ ಹೋಗುತ್ತವೆ. ಅತ್ತೆಯವರನ್ನು ಮೇಲಿನ ಸಾಲಿಗೆ ಹತ್ತಿಸಬೇಡಿ. ಬಾಗಿಲ ಹತ್ತಿರದ ಸಾಲಿನಲ್ಲೇ ಕೂರಿಸಿ ಅಂತ ಒಳಗೆ ಬಿಡುವಾಗಲೇ ಕೇಳಿಕೊಳ್ಳಿ. ಬುಧವಾರ ಬೆಳಿಗ್ಗೆ ಹೋಗಿ. ಶಾಲೆಗೆ ರಜೆ ಅಂತ ಹಿಂದಿನ ರಾತ್ರಿ ಸುದ್ದಿ ಬಂದರೆ ಮಾತ್ರ ಬದಲಿಸಿ.

ಎರಡು ಮಕ್ಕಳ ತಾಯಿ, ಅತ್ತಾವರ
ಸೋಮವಾರ ಮಧ್ಯಾಹ್ನ ಊಟ ಮಾಡಿ ಪಾಂಡೇಶ್ವರಕ್ಕೆ ಬನ್ನಿ. ಲಿಫ್ಟ್ ಉಂಟು. ಅತ್ತೆ ಬೆಂಚಿನಲ್ಲಿ ಕೂರಲಿ, ಮಗ ಆಡಲಿ. ಮಾಸ್ಟ್ರು ಬೈದರೆ ನನ್ನ ಹೆಸರು ಹೇಳಿ.

ಬಿಜೈ ಮಾಸ್ಟ್ರು
ಬೈಯುವುದಿಲ್ಲ. ಮಂಗಳವಾರ ಹತ್ತೂವರೆಗೆ ನಾನು ಮ್ಯೂಸಿಯಂ ಬಾಗಿಲಲ್ಲಿ ಇರುತ್ತೇನೆ. ಮಗುವಿಗೆ ಹಡಗಿನ ಕಟ್ಟಡ ನಾನೇ ತೋರಿಸುತ್ತೇನೆ. ಅತ್ತಾವರದ ಅಮ್ಮನವರೂ ಮಕ್ಕಳನ್ನು ಕರೆದುಕೊಂಡು ಬನ್ನಿ.

ಎರಡು ಮಕ್ಕಳ ತಾಯಿ, ಅತ್ತಾವರ
ಚಿಕ್ಕದಕ್ಕೆ ಈಗ ಎರಡು ವರ್ಷ, ಓಡಾಡುತ್ತದೆ. ನಾಣ್ಯಕ್ಕೆ ಗಾಜು ಉಂಟಲ್ಲ ಮಾಸ್ಟ್ರೇ?

ಬಿಜೈ ಮಾಸ್ಟ್ರು
ಉಂಟು.